ಹಳದಿ ಕಣ್ಣಿನ ಹೀರೋ

ಕೇಳಿ ಸ್ವಾಮಿ, ನೀವು ಹೀರೋಗಳನ್ನ ಪರದೆ ಮೇಲೆ ಮಾತ್ರ ನೋಡಿರ್ತೀರ. ನಮ್ಮ ಹೀರೋ ವೆಲ್ಡಿಂಗ್ ಶಾಪ್‌ನಲ್ಲಿದ್ದಾನೆ. ಫೈಟ್ ಬರಲ್ಲ, ಡ್ಯಾನ್ಸ್ ಬರಲ್ಲ. ಆದ್ರೆ ಒಂದು ದಿನ ಹೊಟ್ಟೆಗೆ ಹಾಕದೇ ಇದ್ರೆ ಸಾಕು, ಕಣ್ಣು ನಿಂಬೆಹಣ್ಣಿನ ಹಾಗೆ ಹಳದಿ. ಮೇಕಪ್ ಇಲ್ಲ, ಗ್ರಾಫಿಕ್ಸ್ ಇಲ್ಲ.

ಡಾಕ್ಟರ್ ಹೇಳಿದ್ದು ಇಷ್ಟೇ: ಹುಟ್ಟಿನಿಂದಲೇ ಇವನ ಲಿವರ್ ಸ್ವಲ್ಪ ಸೋಮಾರಿ. ರಕ್ತದಲ್ಲಿರೋ ಹಳದಿ ಬಣ್ಣವನ್ನ ನಿಧಾನಕ್ಕೆ ಹೊರಗೆ ಹಾಕುತ್ತೆ, ಹೊಟ್ಟೆ ಖಾಲಿ ಇದ್ರೆ ಇನ್ನೂ ನಿಧಾನ. ವಂಶದಲ್ಲಿ ಬರೋದು, ಅಪಾಯ ಏನಿಲ್ಲ. ಈ ಮಾತನ್ನ ಹೀರೋ ಶಾಪ್‌ನಲ್ಲಿ ಯಾರಿಗೂ ಹೇಳ್ಲಿಲ್ಲ.

ಶುಕ್ರವಾರ. ಸಾಕ್ಸ್ ಒಳಗೆ ಹೊಸ ಸಿನಿಮಾದ ಮೊದಲ ಶೋ ಟಿಕೆಟ್. ಎದುರಿಗೆ ಅರ್ಧ ಬೆಸುಗೆ ಆದ ಗೇಟು. ಇವತ್ತೇ ಮುಗೀಬೇಕು ಅಂತ ಕ್ಯಾಷ್ ಟೇಬಲ್ ಹಿಂದಿನ ಮೇಡಂ ಹೇಳಿಯಾಗಿದೆ. ಅಲ್ಲಿ ಓನರ್ ಕೂಡ ಮೇಡಂನ ಕೇಳಿಯೇ ಕೆಮ್ಮೋದು.

ಓನರ್ ಬೆಳಗ್ಗೆಯಿಂದ ಕಪ್ಪು ಕನ್ನಡಕ ತೆಗೆದಿಲ್ಲ. ಮೇಡಂ ಕೊಟ್ಟ ತಿಂಡಿ ಡಬ್ಬಿಯನ್ನ, ನಿನ್ನೆಯಿಂದ ಉಪವಾಸ ಇದ್ದ ಹೀರೋ ಮುಟ್ಟಲಿಲ್ಲ. ಓನರ್ರೂ ತಮ್ಮ ಡಬ್ಬಿನ ಪಕ್ಕಕ್ಕೆ ತಳ್ಳಿದ್ರು. ಮೇಡಂ ಎರಡೂ ಡಬ್ಬಿ ನೋಡಿದ್ರು, ಎತ್ತಿ ಬ್ಯಾಗಿಗೆ ಹಾಕ್ಕೊಂಡ್ರು.

ಹೀರೋ ನರಳುತ್ತಾ ಎದ್ದ. ಒಂದು ಕೈ ಹೊಟ್ಟೆ ಮೇಲೆ, ಇನ್ನೊಂದು ಗೋಡೆ ಮೇಲೆ. ಈ ಗೇಟಿಗೋಸ್ಕರ ಪ್ರಾಣ ಬೇಕಾದ್ರೂ ಬಿಡ್ತೀನಿ, ಆದ್ರೆ ಕಣ್ಣಿಗೆ ಕತ್ತಲೆ ಬರ್ತಿದೆ ಅಂತ ಡೈಲಾಗ್ ಬಿಟ್ಟ.

ಓನರ್ ಬಂದು ರೆಪ್ಪೆ ಎಳೆದು ನೋಡಿದ್ರು. "ಕಾಮಾಲೆ. ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಬೈಕ್ ಹತ್ತು."

ಹೀರೋ ಬೇರೆ ದಾರಿ ಇಲ್ಲದೆ ಹತ್ತಿ ಕೂತ. ಆಸ್ಪತ್ರೇಲಿ ಬಂಡವಾಳ ಬಯಲು. ಟಿಕೆಟ್ಟೂ ಹೋಯ್ತು, ಮರ್ಯಾದೆನೂ ಹೋಯ್ತು.

ಬೈಕು ಆಸ್ಪತ್ರೆ ಹತ್ರ ಬಂತು. ನಿಲ್ಲಲಿಲ್ಲ. ಸೀದಾ ಥಿಯೇಟರ್ ಮುಂದೆ ನಿಂತಿತು. ಓನರ್ ಜೇಬಿಂದ ಒಂದು ಟಿಕೆಟ್ ತೆಗೆದ್ರು. ಆಮೇಲೆ ಕನ್ನಡಕ ತೆಗೆದ್ರು.

ಎರಡು ಕಣ್ಣೂ ಅಪ್ಪಟ ಹಳದಿ.

"ನಿಂದು ಸಾಕ್ಸ್‌ನಲ್ಲಿದೆ ಅಲ್ವಾ? ನಿನ್ನ ವಯಸ್ಸಲ್ಲಿ ನಾನೂ ಅಲ್ಲೇ ಇಡ್ತಿದ್ದೆ."

ಒಳಗೆ ಲೈಟು ಆರಿತು. ಹಿಂದಿನ ಸಾಲಿನಿಂದ ಒಂದು ಕೈ ಬಂತು. ಇಬ್ಬರ ಮಡಿಲಲ್ಲೂ ಒಂದೊಂದು ಡಬ್ಬಿ ಇಟ್ಟಿತು.

"ಮೊದಲು ತಿನ್ನಿ. ಮದುವೆ ಆದಾಗಿನಿಂದ ನೋಡ್ತಿದ್ದೀನಿ ಈ ಶುಕ್ರವಾರದ ಕಾಮಾಲೆನ." ಮೇಡಂ ದನಿ.

ಸರಿ ಸ್ವಾಮಿ, ಒಪ್ಕೋತೀನಿ. ಹೀರೋ ನಾನೇ. ಮೇಡಂ ನಮ್ಮಮ್ಮ, ಓನರ್ ನಮ್ಮಪ್ಪ, ಆ ಸೋಮಾರಿ ಲಿವರ್ರು ನನ್ನ ಪಿತ್ರಾರ್ಜಿತ ಆಸ್ತಿ.