ಒಂದು ನಂಬರ್ ಮೇಲಿನದು

ಟರ್ಬೊ ಕೂರಿಸಿದ ಮೇಲೆ ಆ ರೇಸ್ ಕಾರಿನ ಎಂಜಿನ್ನಿಗೆ ಇನ್ನಷ್ಟು ತಂಪಾದ, ಅಂದರೆ ಶಾಖವನ್ನು ಬೇಗ ಹೊರಹಾಕುವ ಸ್ಪಾರ್ಕ್ ಪ್ಲಗ್ ಬೇಕಿತ್ತು. ಕಾಲು ಮುರಿದು ಆಸ್ಪತ್ರೆಯಲ್ಲಿದ್ದ ಮೆಕ್ಯಾನಿಕ್ ರೇಸಿನ ಬೆಳಿಗ್ಗೆ ಮಗಳಿಗೆ ಫೋನಿನಲ್ಲೇ ಹೇಳಿದ್ದ:

"ಒಂದು ನಂಬರ್ ಮೇಲಿಂದು ಹಾಕ್ಸಮ್ಮ. ಪ್ಲಗ್ ಬಿಸೀದಾದ್ರೆ ಓಡ್ತಿರೋವಾಗ್ಲೇ ಪಿಸ್ಟನ್ ಕರಗಿ ಎಂಜಿನ್ ಜಾಮ್ ಆಗ್ತೈತೆ."

ಮಧ್ಯಾಹ್ನ ಟ್ರ್ಯಾಕಿನಿಂದ ಗೆಳೆಯನ ಕರೆ ಬಂತು.

"ಅಣ್ಣಾ, ಕೊನೇ ಸುತ್ತು! ನಿನ್ ಮಗಳೇ ಮುಂದೆ, ನೂರೆಂಬತ್ತರಲ್ಲಿ ಹೋಗ್ತಾವ್ಳೆ!"

"ಪ್ಲಗ್?"

"ನೀನು ಹೇಳ್ದಂಗೇ ಒಂದು ನಂಬರ್ ಮೇಲಿಂದೇ. ನಿನ್ ಕಂಪ್ನಿದು ಸಿಗ್ಲಿಲ್ಲ, ಬೇರೇದು ತಂದೆ."

"ಯಾವ್ದು?"

ಗೆಳೆಯ ಹೆಸರು ಹೇಳಿದ. ಮೆಕ್ಯಾನಿಕ್ ಏಳಲಾಗದೆ ಮಂಚದ ಸರಳು ಹಿಡಿದ.

"ನಿಲ್ಸೋ ಅವಳನ್ನ!"

"ಗೆಲ್ತಾವ್ಳಲ್ಲಣ್ಣಾ! ಯಾಕೆ?"

"ಆ ಕಂಪ್ನೀಲಿ ನಂಬರ್ ಏರಿದಷ್ಟೂ ಪ್ಲಗ್ ಬಿಸಿ ಕಣೋ."