ಗಾಳಿ ಸೀಳುವ ಕಾರು

ಇಟಲಿಯ ಆ ಕೆಂಪು ಕಾರು ಹೊಟ್ಟೆಯೂರಿ ಕೂತದ್ದು ಪುಟ್ಟಸ್ವಾಮಿಯ ರೇಷ್ಮೆ ಹುಳುಮನೆಗೆ ಕೂಗಳತೆ ದೂರದ ಹುಣಸೆಮರದ ಕೆಳಗೆ. ಗಾಡಿದಾರಿಯ ನಡುದಿಬ್ಬ ಅಡಿಗೆ ಸಿಕ್ಕಿ ಹಿಂದಿನ ಚಕ್ರಗಳು ಸುಮ್ಮನೆ ಗಿರಗಿರ ತಿರುಗಿದವು. ಹಿಂದೆ ನಿಲ್ಲಿಸಿ ಕಟ್ಟಿದ್ದ ಚಂದ್ರಿಕೆಗಳು, ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗಳು, ಪಟಪಟ ಬಡಿದುಕೊಂಡವು.

ಹುಳ ಬೆಳಗ್ಗೆಯೇ ಹಣ್ಣಾಗಿ ಗೂಡು ಕಟ್ಟಲು ತಯಾರಾಗಿತ್ತು. ಕತ್ತಲಾಗುವುದರೊಳಗೆ ಚಂದ್ರಿಕೆಗೆ ಹಾಕದಿದ್ದರೆ ತಟ್ಟೆಯಲ್ಲೇ ನೂಲು ಕಕ್ಕಿ ಬೆಳೆಯೆಲ್ಲ ಹಾಳು. ದೊಡ್ಡಆಲಹಳ್ಳಿಯ ಭಾವನ ಮನೆಯಿಂದ ಚಂದ್ರಿಕೆ ತರಲು ಪಕ್ಕದ ಮನೆಯ ಕರಿಯಯ್ಯ ಎತ್ತಿನ ಗಾಡಿ ಹೂಡಿದ್ದ. "ನೀನು ಊರ ಬಾಗ್ಲು ದಾಟೋದ್ರೊಳಗೆ ನಾನು ಮೂರು ಸುತ್ತು ಹೋಗಿ ಬತ್ತೀನಿ. ಮೇಲೆ ಛಾವಣಿನೇ ಇಲ್ಲ, ಎಷ್ಟೆತ್ತರದ ಚಂದ್ರಿಕೆ ಬೇಕಾದ್ರೂ ನಿಂತ್ಕತದೆ" ಎಂದು ಎತ್ತು ಬಿಚ್ಚಿಸಿದವನೇ ಪುಟ್ಟಸ್ವಾಮಿ.

ಗೂಡಿಗೆ ಚಿನ್ನದ ಬೆಲೆ ಬಂದ ವರ್ಷ ಕೊಂಡ ಕಾರು ಅದು. ಬಂಡವಾಳಶಾಹಿಯನ್ನು ವಾರವಾರವೂ ಬೈಯುವ ತನ್ನ ಓದುಬಳಗಕ್ಕೆ, "ಇಟಲಿಯ ಕಾರ್ಮಿಕರ ಕೈಚಳಕದ ಅಧ್ಯಯನಕ್ಕಾಗಿ ತಂದಿದ್ದೇನೆ" ಎಂದು ವಿವರಣೆ ಕೊಟ್ಟಿದ್ದ. ಬಳಗದವರೂ ಸರದಿಯಲ್ಲಿ ಒಂದೊಂದು ಸುತ್ತು ಹೋಗಿ ಅಧ್ಯಯನ ಮಾಡಿ ಬಂದಿದ್ದರು.

ಕರಿಯಯ್ಯ ಬಗ್ಗಿ ನೋಡಿದ. "ಏನ್ಲಾ ಪುಟ್ಸಾಮಿ, ಕೋಳಿ ಕಾವಿಗೆ ಕುಂತಂಗೆ ಕುಂತದಲ್ಲ!"

"ತಗ್ಗಾಗಿದ್ರೇನೇ ಕಣ್ಲಾ ತಿರುವಲ್ಲಿ ಹಿಡಿತ. ಮೂತಿ ನೋಡು, ಗಾಳಿ ಸೀಳೋಕೆ ಅಂತ್ಲೇ ತಿದ್ದವ್ರೆ. ಇಂಜಿನ್ನು ಅಲ್ಯೂಮಿನಿಯಂದು, ಎರಡು ಕಾರ್ಬೊರೇಟರು..."

"ಮುಂದ್ಗಡೆ ಸೀಳಿದ್ ಗಾಳಿನೆಲ್ಲ ಹಿಂದ್ಗಡೆ ಚಂದ್ರಿಕೇಲಿ ಹಿಡ್ಕಂಡ್ ಬಂದ್ಯಾ?"

ಸಭೆಗಳಲ್ಲಿ ಯಾವ ಪ್ರಶ್ನೆಗೂ ಬಗ್ಗದ ಪುಟ್ಟಸ್ವಾಮಿ ಬಗ್ಗಿ ಕಾರಿನಡಿಯ ದಿಬ್ಬದ ಮಣ್ಣು ಕೆರೆದ. ಚಂದ್ರಿಕೆಗಳು ಹಾಯಿಯಂತೆ ಹಿಂದಕ್ಕೆ ಜಗ್ಗಿ, ಕಾರು ದಾರಿಯುದ್ದಕ್ಕೂ ಎರಡನೇ ಗೇರು ದಾಟಿರಲಿಲ್ಲ. ಮೂರು ಸುತ್ತಿನ ಮಾತಿರಲಿ, ಮೊದಲ ಸುತ್ತೇ ಮುಗಿದಿರಲಿಲ್ಲ.

ಅಷ್ಟರಲ್ಲಿ ಅವನ ತಾಯಿ ಚಿಕ್ಕಲಕ್ಷ್ಮಮ್ಮ ಕೂಲಿ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಎಲ್ಲರ ತಲೆಯ ಮೇಲೂ ಹಣ್ಣುಹುಳದ ಬುಟ್ಟಿ. "ನೆರಳೂ ಐತೆ, ಗಾಳಿನೂ ಐತೆ. ಇಲ್ಲೇ ಹಾಕ್ರವ್ವಾ!" ಬಂದಿದ್ದ ಚಂದ್ರಿಕೆಗಳು ನೋಡನೋಡುತ್ತ ತುಂಬಿದವು. ಬುಟ್ಟಿಗಳಲ್ಲಿ ಇನ್ನೂ ಹುಳವಿತ್ತು, ಹೊತ್ತು ಇಳಿಯುತ್ತಿತ್ತು.

ಪುಟ್ಟಸ್ವಾಮಿ ಮತ್ತೊಮ್ಮೆ ಸ್ಟಾರ್ಟ್ ಮಾಡಲು ಕಾರು ಹತ್ತಿ ಕೂತ. ಚಿಕ್ಕಲಕ್ಷ್ಮಮ್ಮ ಚಕ್ರದ ತಂತಿಕಡ್ಡಿಗಳ ಸಂದಿಗೆ ಬೆರಳು ತೂರಿಸಿ, ಹುಳಕ್ಕೆ ಎಡೆಯಾದೀತೇ ಎಂದು ನೋಡಿದಳು. ಬುಟ್ಟಿ ಇಳಿಸಿ ಹಿಡಿಹಿಡಿ ಹುಳವನ್ನು ಅಲ್ಲಿಗೆ ಹತ್ತಿಸಿದಳು. ಮಿಕ್ಕವರು ಸೀಟಿಗೆ, ಸ್ಟೇರಿಂಗಿಗೆ ಹತ್ತಿಸಿದರು.

"ಅವ್ವಾ, ಇದು ಇಟಲಿ ಕಾರು ಕಣವ್ವಾ!"

"ಯಂತ್ರ ದುಡಿಯೋರ್ಗೇ ಸೇರ್ಬೇಕು ಅಂತ ಮೈಕಲ್ಲಿ ಕೂಗ್ತಿದ್ಯಲ್ಲ? ಸೇರ್ತು ಕಣಪ್ಪ. ಅಲ್ಲಾಡ್ಬ್ಯಾಡ, ಹುಳ ಜಾಗ ಹಿಡೀತಾ ಅವೆ."

ಗಂಟೆಗೆ ನೂರು ಮೈಲಿ ಓಡಲೆಂದು ಮಾಡಿದ ಕಾರಿನಲ್ಲಿ ಪುಟ್ಟಸ್ವಾಮಿ ಉಸಿರು ಬಿಗಿಹಿಡಿದು ಕೂತ. ಅಂಗಿಯ ಕಾಲರಿಗೆ ಹತ್ತಿದ ಹುಳವೊಂದು ಅತ್ತಿತ್ತ ತಲೆಯಾಡಿಸಿತು, ಜಾಗ ಒಪ್ಪಿಗೆಯಾಗಿ ಅವನ ಕಿವಿಗೆ ಮೊದಲ ಎಳೆ ಕಟ್ಟಿತು.