ಮೇಷ್ಟ್ರು ಕಾಪಿ ಹೊಡೆದದ್ದು

"ಸಾರ್, ನೀವು ಕಾಪಿ ಹೊಡೀತಿದ್ದೀರಿ," ಎಂದಳು ಪರೀಕ್ಷಕಿ.

ಕಣ್ಣಾಸ್ಪತ್ರೆಯಲ್ಲಿ ನೋಟ ಅಳೆಯುವ ಯಂತ್ರದ ಬಿಳಿ ಬೋಗುಣಿಯೊಳಗೆ ಮುಖವಿಟ್ಟು, ಗದ್ದ ಊರಿ, ಬಲಗಣ್ಣು ಮುಚ್ಚಿಸಿಕೊಂಡು ಕೂತಿದ್ದ ಗಣಿತದ ಮೇಷ್ಟ್ರು ಬೆಚ್ಚಿಬಿದ್ದರು. ಮೂವತ್ತೊಂದು ವರ್ಷ ಈ ಮಾತನ್ನು ಅವರು ಹೇಳಿದ್ದುಂಟೇ ಹೊರತು ಯಾರ ಬಾಯಿಂದಲೂ ಹೇಳಿಸಿಕೊಂಡಿರಲಿಲ್ಲ. ಬೋರ್ಡಿನ ಕಡೆ ಅರ್ಧ ತಿರುಗಿ ಲೆಕ್ಕ ಬರೆಯುತ್ತಲೇ, ಕಿಟಕಿ ಪಕ್ಕದ ಕೊನೇ ಬೆಂಚಿನಲ್ಲಿ ಚೀಟಿ ಕೈ ಬದಲಾಯಿಸಿದ್ದನ್ನು ಓರೆಗಣ್ಣಿನಲ್ಲೇ ಹಿಡಿಯುತ್ತಿದ್ದ ಆಸಾಮಿ ಅವರು. ಮಕ್ಕಳು 'ನಾಲ್ಕು ಕಣ್ಣಿನ ಮೇಷ್ಟ್ರು' ಅಂತ ಹೆಸರಿಟ್ಟದ್ದು ಕನ್ನಡಕ ನೋಡಿ ಅಲ್ಲ.

ಈಗ ಇದ್ದ ಎರಡಕ್ಕೇ ಖೋತಾ ಬಂದಿತ್ತು. ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ, ನರ ಸವೆದು, ನೋವಿಲ್ಲ ಉರಿಯಿಲ್ಲ, ನೋಟ ಅಂಚಿನಿಂದ ಸದ್ದಿಲ್ಲದೆ ಕರಗುವ ಕಾಯಿಲೆ. ಎರಡು ವರ್ಷದಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೆಂಡತಿ ಅವರ ತಲೆ ಹಿಂದಕ್ಕೆ ಬಗ್ಗಿಸಿ ಹನಿ ಹಾಕುತ್ತಿದ್ದರು. ಹೋದದ್ದು ವಾಪಸು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಳೆದ ವರ್ಷದ ರಿಪೋರ್ಟಿನಲ್ಲಿ ಎಡಗಣ್ಣಿನ ನೋಟದ ಅಂಚು ಕಪ್ಪಾಗಿತ್ತು. "ಇನ್ನೂ ಕುಗ್ಗಿದರೆ ಆಪರೇಷನ್ನೇ," ಎಂದಿದ್ದರು.

ಕಣ್ಣಿಗೆ ಕತ್ತಿ! ಮೇಷ್ಟ್ರ ಎದೆ ಅವತ್ತೇ ಧಸಕ್ಕೆಂದಿತ್ತು. ಅದಕ್ಕೇ ಹೋದ ವಾರದ ಪರೀಕ್ಷೆಯಲ್ಲಿ ಒಂದು ಉಪಾಯ ಹೂಡಿದರು. ಬೋಗುಣಿಯಲ್ಲಿ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು ಎನ್ನುವುದು ನಿಯಮ. ಚುಕ್ಕೆ ಬರುವ ಮುನ್ನ ಯಂತ್ರ ಸಣ್ಣಗೆ 'ಕಟ್' ಅನ್ನುತ್ತದೆ ಎಂಬುದನ್ನು ಅವರ ಕಿವಿ ಪತ್ತೆ ಮಾಡಿಬಿಟ್ಟಿತ್ತು. ಸದ್ದಿಗೊಂದು ಒತ್ತು! ರಿಪೋರ್ಟು ಒಗೆದು ಒಣಹಾಕಿದ ಬಟ್ಟೆಯ ಹಾಗೆ ಬೆಳ್ಳಗೆ ಬಂತು. ಡಾಕ್ಟರು ಅದನ್ನು ಎರಡು ಸಲ ತಿರುವಿ ನೋಡಿ, "ಇನ್ನೊಮ್ಮೆ ಮಾಡಿಸಿ," ಎಂದು ಬರೆದರು. ಆ 'ಇನ್ನೊಮ್ಮೆ'ಯೇ ಇವತ್ತು.

"ಯಾರ ಹತ್ರ ಮಾತಾಡ್ತಿದ್ದೀಯಾ ಗೊತ್ತೇನಮ್ಮಾ?" ಮೇಷ್ಟ್ರು ತರಗತಿಯ ಗಂಟಲು ತೆಗೆದರು. "ಕಾಪಿ ಹೊಡೆಯೋಕೆ ಇಲ್ಲಿ ಪಕ್ಕದಲ್ಲಿ ಯಾರಿದ್ದಾರೆ?"

"ಯಂತ್ರ ಇದೆಯಲ್ಲ ಸಾರ್. ನಡುನಡುವೆ ಅದು ಬರೀ ಸದ್ದು ಮಾಡುತ್ತೆ, ಬೆಳಕು ಬಿಡಲ್ಲ. ಇಂಥದ್ದನ್ನ ಹಿಡಿಯೋಕೇ ಇಟ್ಟಿರೋದು. ಹನ್ನೊಂದು ಸಲ ಹಾಗೆ ಮಾಡಿತು, ಹನ್ನೊಂದು ಸಲಾನೂ ಒತ್ತಿದ್ದೀರಿ. ಇಲ್ಲದ ಚುಕ್ಕೆ ನಿಮಗೆ ಹೇಗೆ ಕಾಣ್ತು?"

ಮೇಷ್ಟ್ರು ಬಾಯಿ ತೆರೆದರು. ಪೆನ್ನು ಬಿತ್ತು ಸಾರ್, ಟೈಮ್ ಕೇಳ್ತಿದ್ದೆ ಸಾರ್, ಕೆಮ್ಮು ಬಂತು ಸಾರ್. ಈ ಮೂವತ್ತೊಂದು ವರ್ಷದಲ್ಲಿ ಕೇಳಿದ ನೆಪಗಳೆಲ್ಲ ನೆನಪಾದವು. ದರಿದ್ರ, ಒಂದೂ ಇಲ್ಲಿಗೆ ಹೊಂದಲಿಲ್ಲ.

"ಹಾಗೆ ಕೇಳಮ್ಮಾ!" ಮೂಲೆಯ ಕುರ್ಚಿಯಿಂದ ಹೆಂಡತಿ ಎದ್ದೇಬಿಟ್ಟರು. "ಎಡಗಡೆ ಇಟ್ಟ ಲೋಟ ದಿನಾ ಉರುಳಿಸ್ತಾರೆ. ಮೊನ್ನೆ ಸೈಕಲ್ಲಿನವನು ಬಂದು ಗುದ್ದೋವರೆಗೆ ಇವರಿಗೆ ಗೊತ್ತೇ ಆಗಲಿಲ್ಲ. ರಿಪೋರ್ಟು ಮಾತ್ರ ಫಸ್ಟ್ ಕ್ಲಾಸು!"

"ನೀನು ಸುಮ್ನಿರೇ."

"ಸುಮ್ನೇ ಇದ್ದೆ ಕಣ್ರೀ, ಅದಕ್ಕೇ ಇಲ್ಲೀತನಕ ಬಂತು. ರಸ್ತೆಯಲ್ಲಿ ನಿಮ್ಮ ಕೈ ಬಿಡೋಕೆ ನಂಗೆ ಭಯ ಆಗುತ್ತೆ."

ಪರೀಕ್ಷಕಿ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟಳು. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. "ಇದನ್ನ ಕೊಟ್ಟರೆ ಡಾಕ್ಟರಿಗೆ ನಿಜ ಎಷ್ಟು, ಸುಳ್ಳು ಎಷ್ಟು ಗೊತ್ತಾಗಲ್ಲ ಸಾರ್. ಇನ್ನೂ ಆರು ತಿಂಗಳು ಕಾಯೋಣ ಅಂತಾರೆ. ಕಾಯಿಲೆ ಕಾಯಲ್ಲ. ಅಷ್ಟರಲ್ಲಿ ನಡುವಿನ ನೋಟಾನೂ ಹೋದರೆ?"

ಮೇಷ್ಟ್ರು ತಲೆ ತಗ್ಗಿಸಿದರು. "ಆಪರೇಷನ್ ಅಂದ್ರೆ ನಂಗೆ ಪ್ರಾಣಭಯ ಕಣಮ್ಮಾ," ಎಂದರು. ಮದುವೆಯಾದ ಲಾಗಾಯ್ತಿನಿಂದ ಅವರು ಯಾವುದಕ್ಕೂ ಹೆದರಿದೆ ಎಂದದ್ದನ್ನು ಹೆಂಡತಿ ಕೇಳಿರಲಿಲ್ಲ. ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟರು.

ಮೇಷ್ಟ್ರು ತಲೆಯೆತ್ತಿದರು. "ಒಂಚೂರು ಹತ್ತಿ ಇದ್ರೆ ಕೊಡಮ್ಮಾ."

"ಕಣ್ಣಿಗಾ ಸಾರ್?"

"ಕಿವಿಗೆ."

ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಮತ್ತೆ ಬೋಗುಣಿಗೆ ಮುಖವಿಟ್ಟರು. ಈಗ ಸದ್ದೇ ಇಲ್ಲ. ನಡುವೆ ಒಂದು ಚುಕ್ಕೆ ಕಂಡಿತು, ಒತ್ತಿದರು. ಬಲಕ್ಕೊಂದು, ಕೆಳಗೊಂದು. ಆಮೇಲೆ ಎಷ್ಟು ಹೊತ್ತಾದರೂ ಏನೂ ಇಲ್ಲ. ಯಂತ್ರ ಕೆಟ್ಟಿತೇನೋ ಅಂದುಕೊಂಡರು. ಕೆಟ್ಟಿಲ್ಲ, ಎಡಗಡೆ ಚುಕ್ಕೆಗಳು ಬರುತ್ತಲೇ ಇವೆ, ತಮಗೆ ಕಾಣುತ್ತಿಲ್ಲ ಎಂದು ಹೊಳೆಯಿತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಚುಕ್ಕೆ ಕಾಣುವವರೆಗೂ ಕಾದರು.

ಮುಗಿದ ಮೇಲೆ ಹತ್ತಿ ತೆಗೆದು, "ಹೋಗು, ಆಪರೇಷನ್‌ಗೆ ಯಾವತ್ತು ಬರಬೇಕು ಅಂತ ಡಾಕ್ಟರನ್ನ ಕೇಳ್ಕೊಂಡು ಬಾ," ಎಂದು ಹೆಂಡತಿಯನ್ನು ಕಳಿಸಿದರು. ಆಮೇಲೆ, ಫಲಿತಾಂಶದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ ಹುಡುಗನ ಹಾಗೆ ದನಿ ತಗ್ಗಿಸಿ ಕೇಳಿದರು:

"ಎಷ್ಟು ಬಂತಮ್ಮಾ?"

ಪರೀಕ್ಷಕಿ ಕಾಗದವನ್ನು ಅವರ ಮುಂದೆ, ಕಾಣುವ ಕಡೆಗೆ ಹಿಡಿದಳು.

"ಕಮ್ಮಿ ಬಂದಿದೆ ಸಾರ್. ಆದರೆ ಎಲ್ಲಾ ನಿಮ್ಮದೇ."